ಚಿತ್ರದ ಪಕ್ಕ ನಿಲ್ಲುವ ಕೆಲಸ

ಒಂಬತ್ತು ವರ್ಷದಿಂದ ನಾನು ಮಕ್ಕಳ ಪುಸ್ತಕದ ಚಿತ್ರಗಳ ಮ್ಯೂಸಿಯಂನಲ್ಲಿ ನೆಲ ಒರೆಸುತ್ತಿದ್ದೇನೆ. ಐದು ಕೋಣೆ, ಎರಡು ಕಡೆ ಮೆಟ್ಟಿಲು, ಒಂದು ಉದ್ದನೆಯ ಪಡಸಾಲೆ, ಎಂಟು ಪಾಯಿಖಾನೆ. ಬೆಳಿಗ್ಗೆ ಏಳಕ್ಕೆ ಒಳಗಿರಬೇಕು. ಹತ್ತಕ್ಕೆ ಶಾಲೆಯ ಬಸ್ಸುಗಳು ಬರುತ್ತವೆ. ಅಷ್ಟರೊಳಗೆ ನೆಲ ಒಣಗಿರಬೇಕು, ಗಾಜು ಮಿಂಚಬೇಕು, ನಾವು ಮಾಯವಾಗಿರಬೇಕು.

ಮಾಯವಾಗುವುದು ಎಂದರೆ ಮೆಟ್ಟಿಲ ಕೆಳಗಿನ ಗೂಡಿಗೆ ನುಸುಳುವುದು. ಅಲ್ಲಿ ಬಕೆಟ್ಟು, ಫಿನಾಯಿಲ್ ಡಬ್ಬ, ಒದ್ದೆ ಬಟ್ಟೆ, ಜತೆಗೆ ನಾವು ಮೂವರು. ನಾನು, ನನ್ನ ಅತ್ತಿಗೆ, ಕಿವಿ ಅಷ್ಟಾಗಿ ಕೇಳಿಸದ ಒಬ್ಬ ದೊಡ್ಡಮ್ಮ. ಊಟವೂ ಅಲ್ಲೇ. ನಾವು ತೊಳೆಯುವ ಪಾಯಿಖಾನೆಗೆ ನಾವು ಹೋಗುವ ಹಾಗಿಲ್ಲ. ಹಿಂದಿನ ಗೋಡೆಯ ಆಚೆ ಒಂದು ತಗಡಿನ ಮರೆ ಇದೆ. ಅದಕ್ಕೆ ಚಿಲಕವಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಕಾವಲು ನಿಲ್ಲಬೇಕು.

ಬಸ್ಸಿಳಿದ ಮಕ್ಕಳು ವಾಂತಿ ಮಾಡುತ್ತವೆ. ಬೆಂಚಿನ ಅಡಿಗೆ ಚೂಯಿಂಗ್ ಗಮ್ ಅಂಟಿಸುತ್ತವೆ. ಗಾಜಿಗೆ ಮೂಗು ಒತ್ತಿ ಚಿತ್ರ ನೋಡುತ್ತವೆ. ಸಂಜೆಗೆ ಒಂದೊಂದು ಗಾಜಿನ ಮೇಲೂ ನೂರು ಮೂಗು, ನೂರು ಅಂಗೈ. ನಾನು ಮಂಡಿಯೂರಿ ಒರೆಸುತ್ತೇನೆ, ಏಕೆಂದರೆ ಆ ಗುರುತುಗಳು ಇರುವುದು ಮಕ್ಕಳ ಎತ್ತರದಲ್ಲಿ. ಫಿನಾಯಿಲಿಗೆ ಬೆರಳ ಸಂದು ಬಿರಿದಿದೆ. ಮೆಟ್ಟಿಲು ಹತ್ತಿದರೆ ಮಂಡಿ ಕಟಕಟ ಎನ್ನುತ್ತದೆ. ಇದಕ್ಕೆಲ್ಲ ನನಗೆ ಮಕ್ಕಳ ಮೇಲೆ ಸಿಟ್ಟಿಲ್ಲ. ಮಕ್ಕಳೆಂದರೆ ಹಾಗೇ. ನನ್ನ ಸಿಟ್ಟು ಮೂರನೇ ಕೋಣೆಯದು.

ಮೂರನೇ ಕೋಣೆಯಲ್ಲಿ ಆಳೆತ್ತರದ ಒಂದು ಚಿತ್ರವಿದೆ. ಹಳೆಯ ಕಾಲದ ಯಾವುದೋ ಮಕ್ಕಳ ಪುಸ್ತಕದ್ದು. ಪುಸ್ತಕದಲ್ಲಿ ಅಂಗೈಯಷ್ಟಿದ್ದುದನ್ನು ದೊಡ್ಡದು ಮಾಡಿ ಹಾಕಿದ್ದಾರೆ. ಒಬ್ಬ ಹೆಂಗಸು. ಮಸಿಯ ಹಾಗೆ ಕಪ್ಪು. ಕೆದರಿದ ಕೂದಲು, ಹೊರಗೆ ಬಂದ ಹಲ್ಲು, ಕೆಂಪು ಕಣ್ಣು. ಕೈಯಲ್ಲಿ ಕಡ್ಡಿಪೊರಕೆ. ಬೆನ್ನಿಗೆ ಒಂದು ಬುಟ್ಟಿ. ಬುಟ್ಟಿಯಿಂದ ಮೂರು ಮಕ್ಕಳ ತಲೆ ಇಣುಕುತ್ತಿವೆ. ಅವಳ ಹೆಸರು ಪೊರಕೆಗುಮ್ಮಿ. ಹೇಳಿದ ಮಾತು ಕೇಳದ ಮಕ್ಕಳನ್ನು ಗುಡಿಸಿ ಬುಟ್ಟಿಗೆ ತುಂಬಿಕೊಂಡು ಹೋಗುತ್ತಾಳಂತೆ. ಶಾಲೆಯ ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟವಾಗುವ ಚಿತ್ರ ಅದೇ ಎಂದು ಗೈಡ್ ಮೇಡಂ ಹೇಳುತ್ತಾರೆ.

ಒಂದು ದಿನ ಯಾರೋ ಮಗು ಮೂರನೇ ಕೋಣೆಯ ಹೊಸ್ತಿಲಲ್ಲೇ ವಾಂತಿ ಮಾಡಿಕೊಂಡಿತು. ನನ್ನನ್ನು ಕರೆದರು. ನಾನು ಪೊರಕೆ, ಬಕೆಟ್ಟು ಹಿಡಿದು ಬಾಗಿಲಲ್ಲಿ ಕಾಣಿಸಿದ್ದೇ ತಡ, ಒಂದು ಹುಡುಗಿ ಚೀರಿದಳು.

"ಗುಮ್ಮಿ ಹೊರಗೆ ಬಂದ್ಲು!"

ಇಡೀ ತರಗತಿ ನಕ್ಕಿತು. ಟೀಚರು ನಕ್ಕರು. ಗೈಡ್ ಮೇಡಂ ಗೋಡೆಗೆ ಒರಗಿ ನಕ್ಕರು. ನಾನೂ ನಕ್ಕೆ. ಇದನ್ನು ಹೇಳದೆ ಮುಚ್ಚಿಟ್ಟರೆ ಮಿಕ್ಕದ್ದೆಲ್ಲ ಸುಳ್ಳಾಗುತ್ತದೆ. ನಾನೂ ನಕ್ಕೆ. ನಗುತ್ತಲೇ ಬಗ್ಗಿ ಆ ಹೊಲಸು ಬಳಿದೆ.

ಮುಂದಿನ ವಾರ ಗೈಡ್ ಮೇಡಂ ಗೂಡಿನ ಹತ್ತಿರ ಬಂದರು.

"ಒಂದೇ ನಿಮಿಷ ಬಾಮ್ಮ. ಪೊರಕೆ ತಗೊಂಡು ಬಾ. ಆ ಚಿತ್ರದ ಪಕ್ಕ ಸುಮ್ನೆ ನಿಂತ್ಕೋ. ಮಕ್ಕಳಿಗೆ ಖುಷಿ."

ನಿಂತೆ. ಮಕ್ಕಳು ಕಿರುಚಿದವು. ಆಮೇಲೆ ಅದೇ ಪದ್ಧತಿಯಾಯಿತು. ಹತ್ತೂ ಮುಕ್ಕಾಲಿಗೆ ಮೂರನೇ ಕೋಣೆ. ಮೊದಲು ಸುಮ್ಮನೆ ನಿಂತರೆ ಸಾಕಿತ್ತು. ಆಮೇಲೆ ಪ್ಲಾಸ್ಟಿಕ್ ಪೊರಕೆ ಬೇಡ ಎಂದು ಚಿತ್ರದಲ್ಲಿದ್ದಂಥದೇ ಕಡ್ಡಿಪೊರಕೆ ತರಿಸಿದರು. ಆಮೇಲೆ ಕೂದಲು ಬಿಚ್ಚು ಎಂದರು. ಆಮೇಲೆ, ಮೇಡಂ ಮೂರು ಎಣಿಸಿದ ಕೂಡಲೇ 'ಹಾಂ!' ಎಂದು ಮಕ್ಕಳ ಕಡೆಗೆ ಒಂದು ಹೆಜ್ಜೆ ಇಡು ಎಂದರು. ಇಟ್ಟೆ. ಶಾಲೆಗಳಿಂದ ಮೆಚ್ಚುಗೆಯ ಕಾಗದ ಬಂದವಂತೆ. ಡೈರೆಕ್ಟರ್ ಸಾಹೇಬರು ಪಡಸಾಲೆಯಲ್ಲಿ ಎದುರಾದಾಗ, "ನೀನೀಗ ನಮ್ಮ ಕಲಾವಿದೆ" ಎಂದರು. ಕಲಾವಿದೆಗೆ ಆಗಲೂ ಪಾಯಿಖಾನೆಗೆ ಹೋಗುವುದಕ್ಕೆ ತಗಡಿನ ಮರೆಯೇ.

ದಿನವಿಡೀ ನಾನು ಯಾರ ಕಣ್ಣಿಗೂ ಬೀಳಬಾರದು. ಆ ಐದು ನಿಮಿಷ ಮಾತ್ರ ಎಲ್ಲರ ಕಣ್ಣಿಗೂ ಬೀಳಬೇಕು.

ಒಂದು ಸಂಜೆ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಬೆನ್ನಿಗೆ ಚೀಲ ಹಾಕಿದ್ದ ಪುಟ್ಟ ಹುಡುಗನೊಬ್ಬ ನನ್ನನ್ನು ನೋಡಿ ತಾಯಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡ. "ಅಮ್ಮಾ, ಗುಮ್ಮಿ." ತಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಅವಳಿಗೆ ಏನೂ ಗೊತ್ತಿಲ್ಲ. ಆದರೂ ಥಟ್ಟನೆ, "ಹಟ ಮಾಡಿದ್ರೆ ಇವಳಿಗೇ ಕೊಟ್ಬಿಡ್ತೀನಿ ನೋಡು" ಎಂದಳು. ಬಸ್ಸು ಬಂತು. ನಾನು ಹತ್ತಲಿಲ್ಲ. ನಡೆದುಕೊಂಡು ಮನೆಗೆ ಹೋದೆ. ಮರುದಿನ ಹತ್ತೂ ಮುಕ್ಕಾಲಿಗೆ ಮತ್ತೆ ಕೂದಲು ಬಿಚ್ಚಿ ನಿಂತೆ.

ಹೀಗೆ ಆರು ವರ್ಷ.

ನಮ್ಮದು ಕಸ ಗುಡಿಸುವವರ ಸಾಲುಮನೆ. ನನ್ನ ಗಂಡ ಕಸದ ಲಾರಿಯ ಹಿಂದೆ ಜೋತುಬಿದ್ದು ಹೋಗುವವನು. ಮಗಳಿಗೆ ಒಂಬತ್ತು ವರ್ಷ. ಬಾಯಿ ಬಿಟ್ಟರೆ ಖಾರ, ಅದಕ್ಕೇ ಸಾಲುಮನೆಯವರೆಲ್ಲ ಅವಳನ್ನು ಮೆಣಸು ಎನ್ನುತ್ತಾರೆ. ಚಿತ್ರ ಎಂದರೆ ಅವಳಿಗೆ ಪ್ರಾಣ. ಮ್ಯೂಸಿಯಂನವರು ಬಿಸಾಡಿದ ಕರಪತ್ರಗಳ ಹಿಂಬದಿ ಖಾಲಿ ಇರುತ್ತದೆ. ಅದನ್ನು ನಾನು ಕಟ್ಟು ಕಟ್ಟಿ ತರುತ್ತೇನೆ. ಅವಳು ಪೆನ್ಸಿಲಿನಲ್ಲಿ ಗೀಚುತ್ತಾಳೆ. ಸಂಜೆ ನಾನು ಪಾತ್ರೆ ತಿಕ್ಕಲು ಕೂತರೆ ಪಕ್ಕದಲ್ಲಿ ಬಂದು ಕೂರುತ್ತಾಳೆ.

"ಇವತ್ತು ಯಾವ ಚಿತ್ರ ಹೇಳ್ತೀಯಮ್ಮ?"

ನಾನು ಹೇಳುತ್ತಿದ್ದೆ. ಕೊಡೆ ಹಿಡಿದ ಕಪ್ಪೆ. ಚಂದ್ರನಿಗೆ ಏಣಿ ಹಾಕಿದ ಅಜ್ಜ. ಒಂದೇ ಕಾಲುಚೀಲದಲ್ಲಿ ಮಲಗಿದ ಏಳು ಇಲಿಮರಿ. ನಾಲ್ಕು ಕೋಣೆಯ ಚಿತ್ರಗಳೆಲ್ಲ ಅವಳಿಗೆ ಬಾಯಿಪಾಠ. ಮೂರನೇ ಕೋಣೆಯಲ್ಲಿ ಏನಿದೆ ಎಂದು ಕೇಳಿದರೆ, ರಿಪೇರಿ ನಡೀತಿದೆ ಎನ್ನುತ್ತಿದ್ದೆ.

"ಮೂರು ವರ್ಷದಿಂದ ರಿಪೇರೀನಾ? ಯಾರಮ್ಮ ಆ ಮೇಸ್ತ್ರಿ?" ಎಂದು ಒಮ್ಮೆ ಕೇಳಿದಳು. ನಾನು ಪಾತ್ರೆಗಳ ಸದ್ದು ಜಾಸ್ತಿ ಮಾಡಿದೆ.

ಸಾಲುಮನೆಯ ತುದಿಯಲ್ಲಿ ಎರಡು ಕೋಣೆಯ ಶಾಲೆ ಇದೆ. ಅದರ ಮೇಷ್ಟ್ರು ಮೆತ್ತಗಿನ ಮನುಷ್ಯ. ಮಾತು ಮಾತಿಗೆ 'ದಯವಿಟ್ಟು' ಎನ್ನುವವರು. ಮಕ್ಕಳನ್ನು ಮ್ಯೂಸಿಯಂಗೆ ಕರೆತರುತ್ತೇನೆ, ದಯವಿಟ್ಟು ಒಂದು ದಿನ ಕೊಡಿ ಎಂದು ಮೂರು ವರ್ಷ ಅರ್ಜಿ ಹಾಕಿದರು. ಮೂರು ವರ್ಷವೂ ದಿನ ಖಾಲಿ ಇಲ್ಲ ಎಂದೇ ಉತ್ತರ. ನಡೆದು ಬಂದರೆ ಕಾಲು ಗಂಟೆಯ ದಾರಿ. ಊರಾಚೆಯ ಶಾಲೆಗಳು ಎರಡು ಗಂಟೆ ಬಸ್ಸಿನಲ್ಲಿ ಬಂದು ನೋಡಿಕೊಂಡು ಹೋಗುತ್ತಿದ್ದವು.

ನಾಲ್ಕನೇ ವರ್ಷ ಮೇಲಿನಿಂದ ಯಾರೋ ಮ್ಯೂಸಿಯಂನವರನ್ನು ಕೇಳಿದರಂತೆ. ಬಡ ಮಕ್ಕಳನ್ನು ಎಷ್ಟು ಸಲ ಕರೆಸಿದ್ದೀರಿ, ಫೋಟೋ ಎಲ್ಲಿ, ಎಂದು. ನಮ್ಮ ಶಾಲೆಗೆ ದಿನ ಸಿಕ್ಕಿತು. ಸೋಮವಾರ. ಸೋಮವಾರ ಮ್ಯೂಸಿಯಂಗೆ ರಜೆ. ಬೇರೆ ಶಾಲೆಯ ಒಂದು ಮಗುವೂ ಅವತ್ತು ಇರುವುದಿಲ್ಲ.

"ಅರ್ಥ ಆಯ್ತಾ ನಿಂಗೆ?" ಎಂದಳು ಅತ್ತಿಗೆ.

"ಆಯ್ತು," ಎಂದೆ.

ಮೆಣಸು ಮಾತ್ರ ಕುಣಿದಾಡಿಬಿಟ್ಟಳು. ಭಾನುವಾರ ತನ್ನ ಚಪ್ಪಲಿಯನ್ನು ಸೋಪು ಹಾಕಿ ತೊಳೆದಳು. ಉಗುರು ಕತ್ತರಿಸಿಕೊಂಡಳು. "ನೀನು ಅಲ್ಲೇ ಇರ್ತೀಯಲ್ಲಮ್ಮ? ಎಲ್ಲರಿಗೂ ಹೇಳಿದೀನಿ, ನಮ್ಮಮ್ಮನಿಗೆ ಅಲ್ಲಿನ ಎಲ್ಲಾ ಚಿತ್ರಾನೂ ಗೊತ್ತು ಅಂತ."

ಆ ಭಾನುವಾರವೂ ನನಗೆ ಡ್ಯೂಟಿ ಇತ್ತು. ಬಣ್ಣದ ಕೋಣೆ ಸಿದ್ಧ ಮಾಡಿದ್ದೆ. ಬರುವ ಎಲ್ಲ ಶಾಲೆಯ ಮಕ್ಕಳಿಗೂ ಕೊನೆಯಲ್ಲಿ ಅರ್ಧ ಗಂಟೆ ಅಲ್ಲಿ ಕೂತು ಚಿತ್ರ ಬರೆಯಲು ಬಿಡುತ್ತಾರೆ. ಮೂವತ್ತು ಪುಟ್ಟ ಕುರ್ಚಿ, ಮೂವತ್ತು ಬಣ್ಣದ ಪೆಟ್ಟಿಗೆ, ಮೂವತ್ತು ಕುಂಚ. ಒಣಗಿದ ಬಣ್ಣ ಕೆರೆದು, ಕುಂಚ ತೊಳೆದು, ಒಂದೊಂದು ಮೇಜಿನ ಮೇಲೂ ಜೋಡಿಸಿಟ್ಟಿದ್ದೆ. ಕಿಟಕಿಯ ಪಕ್ಕದ ಮೇಜಿನ ಮೇಲೆ ಚೆನ್ನಾಗಿರುವ ಕುಂಚ ಇಟ್ಟೆ. ಮೆಣಸು ಅಲ್ಲೇ ಕೂರುತ್ತಾಳೆ ಎಂದು ಮನಸ್ಸಿನಲ್ಲೇ ಲೆಕ್ಕ.

ಸೋಮವಾರ ಹತ್ತು ಗಂಟೆಗೆ ಇಪ್ಪತ್ತಾರು ಮಕ್ಕಳು ಗೇಟಿನ ಮುಂದೆ ಸಾಲಾಗಿ ನಿಂತಿದ್ದವು. ಎಣ್ಣೆ ಹಚ್ಚಿ ಬಾಚಿದ ತಲೆ. ಒಬ್ಬರೂ ಗದ್ದಲ ಮಾಡುತ್ತಿರಲಿಲ್ಲ. ಮೇಷ್ಟ್ರು ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು.

ಗೈಡ್ ಮೇಡಂ ಹೊರಗೆ ಬಂದರು. ಕೈಗೆ ಗ್ಲೌಸ್ ಹಾಕಿದ್ದರು. ಒಂಬತ್ತು ವರ್ಷದಲ್ಲಿ ನಾನು ಅವರ ಕೈಯಲ್ಲಿ ಗ್ಲೌಸ್ ನೋಡಿದ್ದಿಲ್ಲ.

"ಎಲ್ಲರೂ ಚಪ್ಪಲಿ ಇಲ್ಲೇ ಬಿಡಿ. ಒಬ್ಬೊಬ್ಬರಾಗಿ ಬನ್ನಿ. ಕೈ ಮುಂದೆ ಚಾಚಿ."

ಬೇರೆ ಯಾವ ಶಾಲೆಯವರೂ ಚಪ್ಪಲಿ ಬಿಟ್ಟವರಲ್ಲ. ಬೂಟುಗಾಲಿನ ಕೆಸರನ್ನು ಒರೆಸಿದವಳು ನಾನು, ನನಗೆ ಗೊತ್ತು. ನಮ್ಮ ಮಕ್ಕಳು ಚಪ್ಪಲಿ ಬಿಟ್ಟವು. ಕೈ ಚಾಚಿದವು. ಮೇಡಂ ಬಾಟಲಿಯಿಂದ ಆಸ್ಪತ್ರೆ ವಾಸನೆಯ ನೀರು ಚಿಮುಕಿಸಿದರು. ಮೆಣಸಿನ ಸರದಿ ಬಂದಾಗ ಅವಳು ಕೈ ಮೂಸಿ ನೋಡಿ, "ಮಿಸ್, ನಾನು ಬೆಳಿಗ್ಗೇನೇ ತೊಳ್ಕೊಂಡು ಬಂದಿದೀನಿ" ಎಂದಳು.

"ಪರವಾಗಿಲ್ಲ, ಇನ್ನೊಂದ್ಸಲ," ಎಂದರು ಮೇಡಂ.

ಓದುವ ಮೂಲೆಯ ರತ್ನಗಂಬಳಿಯ ಮೇಲೆ ಅತ್ತಿಗೆಯಿಂದ ಪ್ಲಾಸ್ಟಿಕ್ ಹಾಳೆ ಹಾಸಿಸಿದ್ದರು. ಬಣ್ಣದ ಕೋಣೆಯ ಬಾಗಿಲ ಮೇಲೆ ಒಂದು ಚೀಟಿ ಅಂಟಿತ್ತು. 'ಬಣ್ಣ ಖಾಲಿಯಾಗಿದೆ.' ನಾನು ಆ ಚೀಟಿಯನ್ನು ಎರಡು ಸಲ ಓದಿದೆ.

ಡೈರೆಕ್ಟರ್ ಸಾಹೇಬರೂ ಬಂದಿದ್ದರು. ಅವರ ಹಿಂದೆ ಕ್ಯಾಮೆರಾ ಹಿಡಿದ ಗುಮಾಸ್ತ. ಮೇಲಿನವರಿಗೆ ಕಳಿಸಲು ಫೋಟೋ ಬೇಕಿತ್ತು. ನಮ್ಮ ಮಕ್ಕಳು ಗಾಜಿನಿಂದ ಒಂದು ಮಾರು ದೂರ ನಿಂತು, ಕೈ ಬೆನ್ನ ಹಿಂದೆ ಕಟ್ಟಿಕೊಂಡು ನೋಡಿದವು. ಗಾಜಿನ ಮೇಲೆ ಒಂದು ಮೂಗಿನ ಗುರುತೂ ಬೀಳಲಿಲ್ಲ. ನಾನು ಪಡಸಾಲೆಯಲ್ಲಿ ಒರೆಸುವ ನೆಪದಲ್ಲಿ ಇಣುಕುತ್ತಿದ್ದೆ. ಮೆಣಸು ಕೊಡೆಕಪ್ಪೆಯ ಮುಂದೆ ನಿಂತು ಪಕ್ಕದವಳ ಕಿವಿಯಲ್ಲಿ ಪಿಸುಗುಟ್ಟಿದಳು. ಆಮೇಲೆ ನನ್ನ ಕಡೆ ತಿರುಗಿ ಹಲ್ಲು ಬಿಟ್ಟು ನಕ್ಕಳು.

ಮೂರನೇ ಕೋಣೆಗೆ ಹೋದರು.

ಇವತ್ತು ಕರೆಯುವುದಿಲ್ಲ ಎಂದುಕೊಂಡಿದ್ದೆ. ನನ್ನ ಮಗಳ ಶಾಲೆ ಎಂದು ಮೇಡಂಗೆ ಗೊತ್ತಿತ್ತು. ಅಷ್ಟು ಮನುಷ್ಯತ್ವ ಇದ್ದೇ ಇರುತ್ತದೆ ಎಂದುಕೊಂಡಿದ್ದೆ. ಆದರೂ ಬಾಗಿಲ ಪಕ್ಕದಲ್ಲಿ ಕಡ್ಡಿಪೊರಕೆ ಒರಗಿಸಿಟ್ಟಿದ್ದರು. ಅದನ್ನು ನೋಡಿದೆ.

"ಮಕ್ಕಳೇ, ಇದು ಯಾರು ಹೇಳಿ ನೋಡೋಣ?" ಮೇಡಂ ಎಂದಿನ ದನಿಯಲ್ಲಿ ಕೇಳಿದರು.

ಬೇರೆ ಮಕ್ಕಳು ಈ ಹೊತ್ತಿಗೆ ಕಿರುಚಾಡುತ್ತಿದ್ದವು. ಭೂತ, ರಾಕ್ಷಸಿ, ಮಾಟಗಾತಿ. ನಮ್ಮ ಮಕ್ಕಳು ಚಿತ್ರವನ್ನೇ ನೋಡುತ್ತ ನಿಂತವು. ತುಂಬ ಹೊತ್ತು ನೋಡಿದವು. ಕೊನೆಗೆ ಎರಡು ಜಡೆಯ ಒಂದು ಹುಡುಗಿ, ತಾಯಿ ಬಸ್ ನಿಲ್ದಾಣ ಗುಡಿಸುವವಳು, ಮೆಲ್ಲಗೆ ಹೇಳಿದಳು.

"ಕೆಲಸಕ್ಕೆ ಹೋಗ್ತಿರೋ ಅಮ್ಮ."

"ಏನು?"

"ಪೊರಕೆ ಹಿಡ್ಕೊಂಡಿದಾಳಲ್ಲ ಮಿಸ್. ಕೆಲಸಕ್ಕೆ ಹೋಗ್ತಿದಾಳೆ."

"ಮತ್ತೆ ಬುಟ್ಟೀಲಿ ಮಕ್ಕಳು ಯಾಕಿದಾರೆ?"

ಇದಕ್ಕೆ ನಾಲ್ಕೈದು ಮಕ್ಕಳು ಒಟ್ಟಿಗೇ ಉತ್ತರ ಕೊಟ್ಟವು. ಇಷ್ಟು ಸುಲಭದ ಪ್ರಶ್ನೆಯೇ ಎನ್ನುವ ಹಾಗೆ.

"ಮನೇಲಿ ನೋಡ್ಕೊಳ್ಳೋರಿಲ್ಲ."

"ಅಜ್ಜಿಗೆ ಹುಷಾರಿಲ್ಲ."

"ನಮ್ಮಮ್ಮಾನೂ ಪಾಪೂನ ಹಂಗೇ ತಳ್ಳುಗಾಡೀಲಿ ಕೂರಿಸ್ಕೊಂಡು ಹೋಗ್ತಾಳೆ."

ನನ್ನ ಕೈಯಲ್ಲಿದ್ದ ಒದ್ದೆ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಆರು ವರ್ಷ ನಾನು ಆ ಚಿತ್ರದ ಪಕ್ಕ ನಿಂತಿದ್ದೆ. ಒಂದು ದಿನವೂ ಅದನ್ನು ಹೀಗೆ ನೋಡಿರಲಿಲ್ಲ.

ಮೇಡಂಗೆ ಆಟ ಕೆಟ್ಟಿತು. "ಅಲ್ಲ, ಅಲ್ಲ! ಇವಳು ಕೆಟ್ಟವಳು. ಇವಳು ಪೊರಕೆಗುಮ್ಮಿ. ಕೊಳಕು ಮಕ್ಕಳನ್ನ, ಹಟಮಾರಿ ಮಕ್ಕಳನ್ನ ಗುಡಿಸ್ಕೊಂಡು ಹೋಗ್ತಾಳೆ. ನಿಮಗೆ ನಿಜವಾದ ಗುಮ್ಮೀನ ತೋರಿಸ್ಲಾ?" ಎಂದರು. ಬಾಗಿಲ ಕಡೆ ತಿರುಗಿ ಕೈ ತಟ್ಟಿದರು. "ಬಾಮ್ಮ."

ನಾನು ಅಲ್ಲಾಡಲಿಲ್ಲ.

"ಬಾಮ್ಮ, ಫೋಟೋ ತೆಗೀಬೇಕು. ಕೂದಲು ಬಿಚ್ಕೊಂಡು ಬಾ."

"ಬರಲ್ಲ," ಎಂದೆ.

ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಮೇಡಂ ಇನ್ನೂ ಮಕ್ಕಳಿಗಾಗಿ ನಗುತ್ತಲೇ ಇದ್ದರು. ಕಣ್ಣು ಮಾತ್ರ ನಗುತ್ತಿರಲಿಲ್ಲ. "ತಮಾಷೆ ಬೇಡ. ಎಲ್ಲರೂ ಕಾಯ್ತಿದಾರೆ."

"ತಮಾಷೆ ಅಲ್ಲ ಮೇಡಂ. ನಾನು ನಿಲ್ಲಲ್ಲ."

ಡೈರೆಕ್ಟರ್ ಸಾಹೇಬರು ಮುಂದೆ ಬಂದರು. ಅವರು ಕೂಗುವವರಲ್ಲ. ಮೆತ್ತಗೆ ಮಾತಾಡುವವರು. "ಏನಮ್ಮಾ ಇದು? ಹೊಸದಾ ನಿಂಗೆ? ಆರು ವರ್ಷದಿಂದ ದಿನಾ ನಿಲ್ತಿದೀಯಲ್ಲ. ಇವತ್ತೇನು ಬಂತು?"

ಮೆಣಸು ನನ್ನನ್ನು ನೋಡಿದಳು. ಆಮೇಲೆ ಚಿತ್ರವನ್ನು ನೋಡಿದಳು. ಆಮೇಲೆ ಬಾಗಿಲ ಪಕ್ಕದ ಪೊರಕೆಯನ್ನು. ಅವಳಿಗೆ ಎಲ್ಲ ಗೊತ್ತಾಯಿತು. ಆ ಮುಖವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಹೆದರಿಕೆ ಅಲ್ಲ, ಅಳು ಅಲ್ಲ. ಯಾರೋ ಕೆನ್ನೆಗೆ ಹೊಡೆದಾಗ ಮೊದಲ ಕ್ಷಣ ಇರುತ್ತದಲ್ಲ, ಅದು.

ನಾನು ಒಳಗೆ ಹೋದೆ. ಪೊರಕೆ ತೆಗೆದುಕೊಂಡೆ. ಗುಮಾಸ್ತ ಕ್ಯಾಮೆರಾ ಎತ್ತಿದ. ಮೇಡಂ ಉಸಿರು ಬಿಟ್ಟರು. ನಾನು ಚಿತ್ರದ ಹತ್ತಿರ ಹೋಗಲಿಲ್ಲ. ಮಕ್ಕಳ ಎದುರು ಹೋಗಿ ನಿಂತೆ. ಜಡೆಯನ್ನು ಎತ್ತಿ ಗಂಟು ಹಾಕಿದೆ, ಬಿಗಿಯಾಗಿ.

"ಮಕ್ಕಳಾ," ಎಂದೆ. "ನಿಂತಿದ್ದೆ. ಸುಳ್ಳು ಹೇಳಲ್ಲ. ಕೂದಲು ಬಿಚ್ಕೊಂಡು, ಇದೇ ಪೊರಕೆ ಹಿಡ್ಕೊಂಡು, ಬೇರೆ ಮಕ್ಕಳನ್ನ ಹೆದರಿಸ್ತಿದ್ದೆ. ಇನ್ಮೇಲೆ ಇಲ್ಲ. ಇದು ಪೊರಕೆ. ನಿಮ್ಮೆಲ್ಲರ ಮನೇಲೂ ಇದೆ. ಇದರಿಂದ ನಾನು ಕಸ ಗುಡಿಸ್ತೀನಿ. ಮಕ್ಕಳನ್ನ ಗುಡಿಸಲ್ಲ."

"ಸಾಕು," ಎಂದರು ಡೈರೆಕ್ಟರ್.

"ಇನ್ನೂ ಇದೆ ಸಾರ್." "ಈ ಮಕ್ಕಳ ಚಪ್ಪಲಿ ಯಾಕೆ ಹೊರಗಿದೆ? ಬಣ್ಣ ಖಾಲಿ ಅಂತ ಯಾರು ಬರೆದದ್ದು? ನೆನ್ನೆ ಮೂವತ್ತು ಪೆಟ್ಟಿಗೆ ನಾನೇ ಒರೆಸಿ ಇಟ್ಟಿದೀನಿ."

ಬೆಳಿಗ್ಗೆ ಕೋಣೆಗಳ ಬಾಗಿಲು ತೆರೆಯುವವಳು ನಾನೇ. ಬೀಗದ ಕೈ ಗೊಂಚಲು ಸೊಂಟದಲ್ಲೇ ಇತ್ತು. ಪೊರಕೆಯನ್ನು ನೆಲಕ್ಕೆ ಹಾಕಿ ಪಡಸಾಲೆ ದಾಟಿ ನಡೆದೆ. ಚೀಟಿ ಕಿತ್ತೆ. ಬೀಗ ತೆಗೆದೆ. ಎರಡೂ ಬಾಗಿಲು ಅಗಲಕ್ಕೆ ತೆರೆದೆ.

"ಬನ್ನಿ ಮಕ್ಕಳಾ. ಬಣ್ಣ ಇದೆ."

ಮಕ್ಕಳು ಮೇಷ್ಟ್ರ ಮುಖ ನೋಡಿದವು. ಮೇಷ್ಟ್ರು ಡೈರೆಕ್ಟರ್ ಮುಖ ನೋಡಿದರು. ಡೈರೆಕ್ಟರ್ ತಲೆ ಅಡ್ಡ ಆಡಿಸಿದರು. ಆ ಮೆತ್ತಗಿನ ಮನುಷ್ಯ ಈಗ 'ದಯವಿಟ್ಟು' ಎನ್ನುತ್ತಾರೆ ಎಂದುಕೊಂಡೆ. ಅನ್ನಲಿಲ್ಲ.

"ಹೋಗಿ," ಎಂದರು. "ಎಲ್ಲರೂ ಹೋಗಿ ಕೂತ್ಕೊಳ್ಳಿ. ಚಪ್ಪಲಿ ಬೇಕಾದವರು ಹಾಕ್ಕೊಂಡು ಬನ್ನಿ."

ಇಪ್ಪತ್ತಾರು ಜೊತೆ ಕಾಲು ಪಡಸಾಲೆಯಲ್ಲಿ ಓಡಿದವು.

ಡೈರೆಕ್ಟರ್ ನನ್ನ ಹತ್ತಿರ ಬಂದು, ಮಕ್ಕಳಿಗೆ ಕೇಳಿಸದಷ್ಟು ಸಣ್ಣಗೆ ಹೇಳಿದರು. "ನಾಳೆಯಿಂದ ನೀನು ಬರಬೇಡ."

"ನಾಳೆಯಿಂದ ತಾನೇ ಸಾರ್? ಇವತ್ತು ನಾಲ್ಕೂವರೆವರೆಗೆ ನನ್ನ ಡ್ಯೂಟಿ ಇದೆ."

ನಾಲ್ಕೂವರೆವರೆಗೆ ಕೆಲಸ ಮಾಡಿದೆ. ಕುಂಚ ತೊಳೆದೆ. ಮೇಜು ಒರೆಸಿದೆ. ಕಿಟಕಿಯ ಪಕ್ಕದ ಮೇಜು ಖಾಲಿ ಇತ್ತು. ಕಾಗದ ಹಾಗೇ ಇತ್ತು, ಬೆಳ್ಳಗೆ. ಮೆಣಸು ಬಣ್ಣ ಮುಟ್ಟಿರಲಿಲ್ಲ.

ಸಂಜೆ ಮನೆಗೆ ಬಂದೆ. ಅವಳು ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಪಾತ್ರೆ ತಿಕ್ಕಲು ಕೂತೆ. ಪಕ್ಕಕ್ಕೆ ಬರಲಿಲ್ಲ. ಕೂತಲ್ಲಿಂದಲೇ ಕೇಳಿದಳು.

"ಯಾಕಮ್ಮ ನಿಂತೆ?"

"ಹೊಟ್ಟೆಪಾಡು ಕಣೇ."

"ಹೊಟ್ಟೆಗೆ ನೆಲ ಒರೆಸ್ತಿದ್ದೆಯಲ್ಲ. ಅದು ಸಾಕಾಗಿರಲಿಲ್ವಾ?"

ಡೈರೆಕ್ಟರ್ ಎದುರು ಬಂದ ಬಾಯಿ ಒಂಬತ್ತು ವರ್ಷದ ಹುಡುಗಿಯ ಎದುರು ಕಟ್ಟಿಹೋಯಿತು. ಕರೆದರು, ಹೋದೆ. ನಿಲ್ಲು ಎಂದರು, ನಿಂತೆ. ಬಿಚ್ಚು ಎಂದರು, ಬಿಚ್ಚಿದೆ. ಬೇಡ ಎನ್ನಬಹುದು ಎಂದು ಹೊಳೆಯುವುದಕ್ಕೇ ಆರು ವರ್ಷ ಬೇಕಾಯಿತು. ಇದನ್ನು ಮಗುವಿಗೆ ಹೇಗೆ ಹೇಳುವುದು? ಕೊನೆಗೆ, "ತಪ್ಪು ಮಾಡಿದೆ" ಎಂದೆ. ಅವಳು ಎದ್ದು ಬಂದು, ತೊಳೆದ ಪಾತ್ರೆಗಳನ್ನು ಒಂದೊಂದಾಗಿ ಒಳಗೆ ಇಟ್ಟಳು.

ಗಂಡ ಬಂದ. ಸುದ್ದಿ ಅವನಿಗಿಂತ ಮೊದಲೇ ಸಾಲುಮನೆಗೆ ಬಂದಿತ್ತು. "ಕೆಲಸ ಹೋಯ್ತಂತೆ?" ಎಂದ.

"ಹೋಯ್ತು."

"ಬೈದೆಯಾ ಅವರಿಗೆ?"

"ಇಲ್ಲ."

"ಛೇ, ಹೆಂಗೂ ಹೋಗೋದಿತ್ತು, ಎರಡು ಬೈದಾದ್ರೂ ಬರಬಾರದಿತ್ತಾ," ಎಂದು ಕೈಕಾಲು ತೊಳೆಯಲು ಹೋದ.

ಮಂಗಳವಾರ ಎರಡು ಬಸ್ಸು ಬಂದವಂತೆ. ಇದು ಅತ್ತಿಗೆ ಹೇಳಿದ್ದು. ಹತ್ತೂ ಮುಕ್ಕಾಲಿಗೆ ಗೈಡ್ ಮೇಡಂ ಗೂಡಿಗೆ ಬಂದು ಅವಳನ್ನು ಕರೆದರು.

"ನೀನು ಬಾಮ್ಮ ಇವತ್ತು."

ಅತ್ತಿಗೆ ಗಂಡಸತ್ತವಳು. ಮನೆಯಲ್ಲಿ ಮೂರು ಬಾಯಿ. ಅವಳು ಹೋಗುತ್ತಾಳೆ ಎಂದೇ ನಾನೂ ಅಂದುಕೊಂಡಿದ್ದೆ. ಹೋದರೆ ತಪ್ಪು ಹಿಡಿಯಬಾರದು ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಅವಳು ಬಕೆಟ್ಟನ್ನು ಕೆಳಗಿಟ್ಟು, "ನನ್ನ ನಾದಿನಿ ಮಾಡದ ಕೆಲಸ ನಾನೂ ಮಾಡಲ್ಲ" ಎಂದಳಂತೆ. ಮೇಡಂ ದೊಡ್ಡಮ್ಮನ ಕಡೆ ತಿರುಗಿದರು. ದೊಡ್ಡಮ್ಮನಿಗೆ ಏನೂ ಕೇಳಿಸಲಿಲ್ಲ. "ಏನಂತೆ?" ಎಂದಳು. ಅತ್ತಿಗೆ ಕಿವಿಯ ಹತ್ತಿರ ಕೂಗಿ ಹೇಳಿದಳು. ದೊಡ್ಡಮ್ಮ ಮೇಡಂ ಮುಖವನ್ನೇ ನೋಡುತ್ತ, "ಗುಮ್ಮಿ ಬೇಕಾದ್ರೆ ನೀವೇ ನಿಂತ್ಕೊಳ್ಳಿ ತಾಯಿ, ನಿಮಗೆ ಹಲ್ಲೂ ಇದೆ" ಎಂದಳು. ದೊಡ್ಡಮ್ಮನ ಬಾಯಲ್ಲಿ ಹಲ್ಲೇ ಇಲ್ಲ.

ಇಬ್ಬರೂ ಹೊರಗೆ ಬಂದು ಮುಂಬಾಗಿಲ ಮೆಟ್ಟಿಲ ಮೇಲೆ ಕೂತರು. ಮಧ್ಯಾಹ್ನಕ್ಕೆ ನಾನೂ ಹೋಗಿ ಕೂತೆ. ಬುಧವಾರ ಸಾಲುಮನೆಯ ಹನ್ನೊಂದು ಹೆಂಗಸರು, ತಮ್ಮ ಬೀದಿ ಗುಡಿಸಿ ಮುಗಿಸಿ, ಪೊರಕೆ ಸಮೇತ ಬಂದು ಕೂತರು. ಘೋಷಣೆ ಇಲ್ಲ, ಬಾವುಟ ಇಲ್ಲ. ಸುಮ್ಮನೆ ಕೂತೆವು. ಬಸ್ಸಿಳಿದ ಮಕ್ಕಳು ನಮ್ಮನ್ನು ಸುತ್ತಿಕೊಂಡು ಒಳಗೆ ಹೋದವು. ಒಬ್ಬ ಟೀಚರು ನಿಂತು, ಏನಾಯಿತು ಎಂದು ಕೇಳಿದರು. ಹೇಳಿದೆ. ಅವರ ಮುಖ ಕೆಂಪಾಯಿತು. "ನಾವೂ ನಗ್ತಿದ್ವಲ್ಲ," ಎಂದರು. ನಾನು ಹೌದು ಎಂದೆ. ಸಮಾಧಾನ ಮಾಡಲು ಹೋಗಲಿಲ್ಲ.

ಎಂಟು ಪಾಯಿಖಾನೆ ಎರಡು ದಿನಕ್ಕೇ ಮಾತಾಡಲು ಶುರು ಮಾಡಿದವು. ಬೇರೆ ಕೆಲಸದವರನ್ನು ತರಲು ನೋಡಿದರು. ಊರಿನಲ್ಲಿ ಗುಡಿಸುವವರೆಲ್ಲ ನಮ್ಮ ಸಾಲುಮನೆಯವರೇ. ಗುರುವಾರ ಒಂದು ಶಾಲೆಯ ಬಸ್ಸು ವಾಸನೆ ತಾಳಲಾರದೆ ಅರ್ಧಕ್ಕೇ ವಾಪಸ್ಸು ಹೋಯಿತು. ಶುಕ್ರವಾರ ಬೆಳಿಗ್ಗೆ ಗುಮಾಸ್ತ ಮೆಟ್ಟಿಲಿಗೆ ಬಂದು, ಸಾಹೇಬರು ಕರೀತಿದಾರೆ ಎಂದ.

ಒಳಗೆ ಡೈರೆಕ್ಟರ್ ಇದ್ದರು. ಕಿಟಕಿಯ ಹತ್ತಿರ ಗೈಡ್ ಮೇಡಂ ನಿಂತಿದ್ದರು. ನನಗೆ ಕೂರಲು ಹೇಳಲಿಲ್ಲ. ಒಂಬತ್ತು ವರ್ಷ ನಾನು ಒರೆಸಿದ ಕುರ್ಚಿ ಎದುರಿಗಿತ್ತು. ಎಳೆದುಕೊಂಡು ಕೂತೆ.

"ನೋಡಮ್ಮ," ಎಂದರು ಡೈರೆಕ್ಟರ್. "ಇದನ್ನ ದೊಡ್ಡದು ಮಾಡೋದು ಬೇಡ. ಆ ನಿಲ್ಲಿಸೋದನ್ನೆಲ್ಲ ನಾವೇ ಬಿಟ್ಟಿದೀವಿ. ನೀನೂ ಕೆಲಸಕ್ಕೆ ಬಾ. ಇದಕ್ಕೊಂದು ಸಹಿ, ಅಷ್ಟೇ."

ಟೈಪ್ ಮಾಡಿದ ಒಂದು ಕಾಗದ ಮುಂದೆ ಇಟ್ಟರು. ಪಕ್ಕದಲ್ಲಿ ಹೆಬ್ಬೆಟ್ಟು ಒತ್ತುವ ಮಸಿಯ ಡಬ್ಬಿ ತೆರೆದಿಟ್ಟರು.

ನಾನು ಕಾಗದ ಎತ್ತಿಕೊಂಡೆ. ಸಾಲಿನ ಕೆಳಗೆ ಬೆರಳಿಟ್ಟು ಓದಿದೆ. ನಿಧಾನಕ್ಕೆ, ಗಟ್ಟಿಯಾಗಿ. "ಶಾಲಾ ಮಕ್ಕಳ ಎದುರು ಅಶಿಸ್ತಿನಿಂದ ವರ್ತಿಸಿದ್ದಕ್ಕೆ ನಾನು ಕ್ಷಮೆ ಕೇಳುತ್ತೇನೆ. ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ." ಗೈಡ್ ಮೇಡಂ ಕಿಟಕಿಯಿಂದ ತಿರುಗಿದರು. ಒಂಬತ್ತು ವರ್ಷ ಚಿತ್ರಗಳ ಕೆಳಗಿನ ಬರಹವನ್ನೆಲ್ಲ ಒರೆಸುತ್ತ ಒರೆಸುತ್ತ ಓದಿದವಳು ನಾನು. ಓದು ಬರುತ್ತದೆಯೇ ಎಂದು ಅವರು ಒಂದು ದಿನವೂ ಕೇಳಿರಲಿಲ್ಲ.

"ಪೆನ್ ಕೊಡಿ," ಎಂದೆ.

ಕೊಟ್ಟರು. ಕಾಗದ ತಿರುಗಿಸಿದೆ. ಹಿಂಬದಿ ಖಾಲಿ ಇತ್ತು. ಬಿರಿದ ಬೆರಳಲ್ಲಿ ಪೆನ್ ಸರಿಯಾಗಿ ಕೂರುವುದಿಲ್ಲ. ಅಕ್ಷರ ಸೊಟ್ಟಪಟ್ಟ ಬಂದವು. ಬರೆದೆ.

'ನಾನು ನೆಲ ಒರೆಸುತ್ತೇನೆ. ಗಾಜು ಒರೆಸುತ್ತೇನೆ. ಪಾಯಿಖಾನೆ ತೊಳೆಯುತ್ತೇನೆ, ಇನ್ನು ಮೇಲೆ ಅದಕ್ಕೇ ಹೋಗುತ್ತೇನೆ. ಚಿತ್ರದ ಪಕ್ಕ ನಿಲ್ಲುವುದಿಲ್ಲ. ನನ್ನ ಮಗಳ ಶಾಲೆಯನ್ನು ರಜೆಯ ದಿನ ಕರೆಯಬಾರದು. ಆರು ವರ್ಷ ನಿಂತದ್ದಕ್ಕೆ ಮಕ್ಕಳ ಹತ್ತಿರ ಕ್ಷಮೆ ಕೇಳುತ್ತೇನೆ. ನಿಮ್ಮ ಹತ್ತಿರ ಅಲ್ಲ.'

ಕೆಳಗೆ ನನ್ನ ಪೂರ್ತಿ ಹೆಸರು ಬರೆದೆ. ಕಾಗದವನ್ನು ಅವರ ಕಡೆ ತಳ್ಳಿದೆ.

ಡೈರೆಕ್ಟರ್ ಓದಿದರು. ಮತ್ತೊಂದು ಸಲ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದನ್ನ ಫೈಲಿಗೆ ಹಾಕೋಕಾಗಲ್ಲಮ್ಮ."

"ಫೈಲಿಗೆ ಆಗದಿದ್ರೆ ಗೋಡೆಗೆ ಹಾಕಿ ಸಾರ್," ಎಂದೆ. "ಗೋಡೆಗೆ ಏನೇನೋ ಹಾಕಿದೀರಲ್ಲ."

ಅವರು ಬೇಡ ಎನ್ನಲಿಲ್ಲ. ಹೂಂ ಎಂದೂ ಅನ್ನಲಿಲ್ಲ. ಕೆಳಗೆ ಒಂದು ಬಸ್ಸು ಬಂದು ನಿಂತ ಸದ್ದಾಯಿತು. ನಾನು ಎದ್ದೆ. ಹೊರಗೆ ಹೋಗಿ ಅತ್ತಿಗೆಯನ್ನೂ ದೊಡ್ಡಮ್ಮನನ್ನೂ ಕರೆದೆ. ಮೂವರೂ ಬಕೆಟ್ಟು ತುಂಬಿಕೊಂಡು ಮುಂಬಾಗಿಲಿನಿಂದಲೇ ಒಳಗೆ ನಡೆದೆವು. ಮೂರು ದಿನದ ಹೊಲಸು ಕಾಯುತ್ತಿತ್ತು.